ವೈಟ್ ನದಿಯ ಜಲಾಶಯಗಳಲ್ಲಿ ಗಾಳ ಹಿಡಿದು

ಗುರುವಾರ

ಅರ್ಕಾನ್ಸಾಸ್ ರಾಜ್ಯದ ಬಾಸ್ಟನ್ ಬೆಟ್ಟಗಳಲ್ಲಿ ಹುಟ್ಟುವ ವೈಟ್ ನದಿ ಮೊದಲು ಉತ್ತರಕ್ಕೆ ಹರಿದು ಮಿಸೌರಿಯನ್ನು ಹೊಕ್ಕು, ಅಲ್ಲಿ ಒಂದಷ್ಟು ದೂರ ಸುತ್ತಾಡಿ, ಮತ್ತೆ ಅರ್ಕಾನ್ಸಾಸಿಗೇ ಮರಳಿ ಕೊನೆಗೆ ಮಿಸಿಸಿಪ್ಪಿಯನ್ನು ಸೇರುತ್ತದೆ. ಓಝಾರ್ಕ್ ಸೀಮೆಯ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಈ ಒಂದೇ ನದಿಗೆ ಸಾಲಾಗಿ ನಾಲ್ಕು ಜಲಾಶಯಗಳಿವೆ. ಮೇಲಿನಿಂದ ಕೆಳಕ್ಕೆ ಬೀವರ್, ಟೇಬಲ್ ರಾಕ್, ಟೇನಿಕೋಮೋ, ಬುಲ್ ಶೋಲ್ಸ್. ಕಟ್ಟಿದ ಕ್ರಮ ಮಾತ್ರ ಹೀಗಿಲ್ಲ. ಟೇನಿಕೋಮೋ 1913ರದು, ಬುಲ್ ಶೋಲ್ಸ್ 1951ರದು, ಟೇಬಲ್ ರಾಕ್ 1958ರದು, ಎಲ್ಲಕ್ಕಿಂತ ಮೇಲಿರುವ ಬೀವರ್ 1966ರದು. ಬ್ಯಾಸ್ ಮೀನಿಗೆ ಗಾಳ ಹಾಕುವವರಿಗೆ ಈ ಸೀಮೆ ಹಳೆಯ ಪರಿಚಯದ್ದು. ಆ ಹವ್ಯಾಸ ಒಂದು ದೊಡ್ಡ ವ್ಯಾಪಾರವಾಗಿ ಬೆಳೆದ ಕಥೆಯ ಎರಡು ಮುಖ್ಯ ಅಧ್ಯಾಯಗಳು ಇಲ್ಲಿಯೇ ನಡೆದವು.

ನಾನು ತೀರ್ಥಹಳ್ಳಿ ಕಡೆಯವನು, ಈಗ ಡಲ್ಲಾಸಿನಲ್ಲಿ ಕೆಲಸದಲ್ಲಿರುವವನು. ಜೊತೆಗೆ ಬಂದವರು ಹಾಸನದ ನಮ್ಮ ಭಾವ. ಬ್ಯಾಂಕಿನಲ್ಲಿ ಲೆಕ್ಕ ತಪಾಸಣೆ ಮಾಡುತ್ತಿದ್ದು ನಿವೃತ್ತರಾದ ಅವರು ಮಗಳ ಬಾಣಂತನಕ್ಕೆಂದು ಅಕ್ಕನೊಂದಿಗೆ ಬಂದಿದ್ದರು. ಬಾಣಂತಿಯ ಮನೆಯಲ್ಲಿ ಗಂಡಸಿಗೆ ಹೆಚ್ಚು ಕೆಲಸವಿರುವುದಿಲ್ಲವಾದ್ದರಿಂದ ಕರೆದ ಕೂಡಲೇ ಹೊರಟರು. ಮೀನಿನ ಸಾರಿನ ವಿಷಯದಲ್ಲಿ ಅವರು ಪರಿಣತರು, ಗಾಳವನ್ನು ಮಾತ್ರ ಅದುವರೆಗೆ ಕೈಯಲ್ಲಿ ಹಿಡಿದವರಲ್ಲ. ಒಕ್ಲಹೋಮಾ ದಾಟಿ ರಾಜರ್ಸ್ ಪಟ್ಟಣ ತಲುಪುವ ಹೊತ್ತಿಗೆ ಕತ್ತಲಾಗಿತ್ತು. ದಾರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ವಸತಿಗೃಹದಲ್ಲಿ ಕುಳಿತು ಫೋನಿನಲ್ಲೇ ಪರವಾನಗಿಗಳನ್ನು ಕೊಂಡೆವು. ಪ್ರತಿ ರಾಜ್ಯಕ್ಕೂ ಬೇರೆ ಬೇರೆ ಪರವಾನಗಿ ಬೇಕು, ಹೊರರಾಜ್ಯದವರಿಗೆ ದರವೂ ಹೆಚ್ಚು. ಇದರ ಹಣ ಎಲ್ಲಿಗೆ ಹೋಗುತ್ತದೆ ಎಂದು ಭಾವ ಕೇಳಿದರು. 1950ರ ಡಿಂಗೆಲ್–ಜಾನ್ಸನ್ ಕಾಯ್ದೆಯ ಪ್ರಕಾರ ಗಾಳದ ಹೆಚ್ಚಿನ ಸಲಕರಣೆಗಳ ಮೇಲೆ ತಯಾರಕರಿಂದ ಶೇ. 10ರಷ್ಟು ಸುಂಕ ಪಡೆದು ಅದನ್ನು ರಾಜ್ಯಗಳ ಮೀನು ಇಲಾಖೆಗಳಿಗೆ ಹಂಚಲಾಗುತ್ತದೆ. ಆ ಹಂಚಿಕೆಯಲ್ಲಿ ರಾಜ್ಯದ ವಿಸ್ತೀರ್ಣದ ಜೊತೆಗೆ ಪರವಾನಗಿ ಪಡೆದವರ ಸಂಖ್ಯೆಯನ್ನೂ ಪರಿಗಣಿಸಲಾಗುತ್ತದೆ. ಇಷ್ಟು ವಿವರಿಸಿದ ಮೇಲೆ ಅವರ ಮುಖದಲ್ಲಿ ಮೊದಲ ಬಾರಿಗೆ ಈ ಹವ್ಯಾಸದ ಬಗ್ಗೆ ಗೌರವ ಕಾಣಿಸಿತು.

ಶುಕ್ರವಾರ

ಬೀವರ್ ಜಲಾಶಯದ ದಡಕ್ಕೆ ಹೋದಾಗ ನೀರಿನ ಮೇಲೆ ಇನ್ನೂ ಮಂಜು ಇತ್ತು. ಏಪ್ರಿಲ್ ಕೊನೆಯ ದಿನಗಳು. ನೀರು ನಿಧಾನವಾಗಿ ಬಿಸಿಯೇರುತ್ತ 16–17 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಈ ಕಾಲದಲ್ಲಿ ಆಳದಲ್ಲಿದ್ದ ಬ್ಯಾಸ್‌ಗಳು ಮೊಟ್ಟೆಯಿಡಲು ದಡದ ಕಡೆಗೆ ಬರುತ್ತವೆ, ಆದ್ದರಿಂದ ದೋಣಿಯಿಲ್ಲದವನಿಗೂ ಅವಕಾಶವಿರುತ್ತದೆ. ನೀರಿನೊಳಗೆ ಚಾಚಿಕೊಂಡ ಒಂದು ಕಲ್ಲಿನ ಮೂಗನ್ನು ಹುಡುಕಿ ಅಲ್ಲಿ ನಿಂತೆವು.

1967ರ ಜೂನ್ ತಿಂಗಳಿನಲ್ಲಿ, ಅಣೆಕಟ್ಟು ಮುಗಿದು ಹೆಚ್ಚು ಕಾಲವಾಗಿರದಿದ್ದ ಇದೇ ಜಲಾಶಯದಲ್ಲಿ, ಅಲಬಾಮಾದ ರೇ ಸ್ಕಾಟ್ ಎಂಬ ವಿಮಾ ಏಜೆಂಟ್ ಒಂದು ಸ್ಪರ್ಧೆ ಏರ್ಪಡಿಸಿದ. ತಲಾ 100 ಡಾಲರ್ ಪ್ರವೇಶಧನ ಕೊಟ್ಟು 106 ಜನ ಬಂದರು. ನ್ಯಾಶ್‌ವಿಲ್‌ನ ಸ್ಟಾನ್ ಸ್ಲೋನ್ ಗೆದ್ದ. ಅದರ ಬೆನ್ನಿಗೇ ಸ್ಕಾಟ್ ಬ್ಯಾಸ್ ಹಿಡಿಯುವವರ ಸಂಘವೊಂದನ್ನು ಕಟ್ಟಿದ, 1971ರಲ್ಲಿ ನೆವಾಡಾದ ಲೇಕ್ ಮೀಡ್‌ನಲ್ಲಿ ಅದರ ಮುಖ್ಯ ಸ್ಪರ್ಧೆಯಾದ ಬ್ಯಾಸ್‌ಮಾಸ್ಟರ್ ಕ್ಲಾಸಿಕ್ ಮೊದಲ ಬಾರಿಗೆ ನಡೆಯಿತು. ಮರುವರ್ಷದಿಂದ ಹಿಡಿದ ಮೀನನ್ನು ತೂಗಿ ಜೀವಂತವಾಗಿ ಬಿಡಬೇಕೆಂಬ ಪದ್ಧತಿಯನ್ನು ಅವನು ಸ್ಪರ್ಧೆಗಳಲ್ಲಿ ತಂದ. ಇಂದು ಬ್ಯಾಸ್ ದೋಣಿಗಳಲ್ಲಿರುವ ಗಾಳಿಯಾಡುವ ನೀರಿನ ತೊಟ್ಟಿ ಸಾಮಾನ್ಯ ಸಂಗತಿಯಾಗಿರುವುದು ಬಹುಮಟ್ಟಿಗೆ ಆ ನಿಯಮದ ಫಲ. ಸ್ಪರ್ಧೆ, ಬಹುಮಾನ, ಪ್ರಾಯೋಜಕರು ಎಂಬ ಈ ವ್ಯವಸ್ಥೆಯಲ್ಲಿ ನನಗೆ ಆಸಕ್ತಿ ಕಡಿಮೆ. ಆದರೆ ಸಲಕರಣೆಗಳು ಇಷ್ಟು ಬೇಗ ಸುಧಾರಿಸಿದ್ದು ಅದರಿಂದಲೇ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಭಾವನ ಕೈಗೆ ಏಳು ಅಡಿಯ ಕಾರ್ಬನ್ ಕೋಲನ್ನು ಕೊಟ್ಟೆ. ಹಿಡಿದ ಕೂಡಲೇ ಅವರು ಅದನ್ನು ಅತ್ತಿತ್ತ ಆಡಿಸಿ, "ಇದೇನಪ್ಪಾ, ತೂಕವೇ ಇಲ್ಲ" ಎಂದರು. ಫೆನ್‌ವಿಕ್ ಕಂಪನಿ 1973ರಲ್ಲಿ ಗ್ರಾಫೈಟ್ ಕೋಲುಗಳನ್ನು ಮಾರುಕಟ್ಟೆಗೆ ತರುವ ಮೊದಲು ಬಿದಿರು, ಉಕ್ಕು, ಫೈಬರ್ ಗ್ಲಾಸ್ ಎಲ್ಲವೂ ಆಗಿಹೋಗಿದ್ದವು. ಬಿದಿರಿಗೂ ಕಾರ್ಬನ್ನಿಗೂ ಇರುವ ವ್ಯತ್ಯಾಸ ತೂಕವೊಂದೇ ಅಲ್ಲ. ತುಂಗೆಯ ಮಡುಗಳಲ್ಲಿ ನಾವು ಹುಡುಗರು ಮೆಳೆಯಿಂದ ಕಡಿದ ಬಿದಿರು ಕಡ್ಡಿಗೆ ದಾರ ಕಟ್ಟಿ, ನವಿಲುಗರಿಯ ದಂಟನ್ನು ಬೆಂಡಾಗಿ ಮಾಡಿ, ಕರಟದಲ್ಲಿ ಮಣ್ಣಿನೊಂದಿಗೆ ತುಂಬಿಕೊಂಡ ಎರೆಹುಳುಗಳನ್ನು ಚುಚ್ಚಿ ಕೂರುತ್ತಿದ್ದಾಗ ಸುದ್ದಿ ಬರುತ್ತಿದ್ದುದು ಕಣ್ಣಿಗೆ. ಬೆಂಡು ಅಲುಗಿತು, ಬೆಂಡು ಮುಳುಗಿತು, ಎಳೆ. ಇಲ್ಲಿ ಬೆಂಡಿಲ್ಲ. ಹದಿನೈದು ಅಡಿ ಆಳದಲ್ಲಿ ತೂಕದ ಗುಂಡು ಜಲ್ಲಿಯ ಮೇಲೆ ಉರುಳುತ್ತಿದೆಯೋ, ಕೆಸರಿನಲ್ಲಿ ಹೂಳುತ್ತಿದೆಯೋ, ಮರದ ಕೊಂಬೆಯನ್ನು ಹತ್ತಿ ಇಳಿಯುತ್ತಿದೆಯೋ ಎಂಬುದು ದಾರದ ಮೂಲಕ ಕೋಲಿಗೆ, ಕೋಲಿನಿಂದ ತೋರುಬೆರಳಿಗೆ ಬರಬೇಕು. ಎರಡು ಶತಮಾನಗಳಲ್ಲಿ ಈ ಸಲಕರಣೆಗೆ ಆದ ಸುಧಾರಣೆಗಳಲ್ಲಿ ನಿಜವಾಗಿ ಬೆಲೆಬಾಳುವಂಥವು ನೀರಿನ ತಳದ ಸುದ್ದಿಯನ್ನು ಕೈಗೆ ತಲುಪಿಸುವಂಥವು. ಉಳಿದುದರಲ್ಲಿ ಬಹುಪಾಲು ಅಂಗಡಿಯ ಅಲಂಕಾರ ಎಂಬುದು ನನ್ನ ಅಭಿಪ್ರಾಯ.

ರೀಲಿನ ಮಟ್ಟಿಗೆ ಭಾವನಿಗೆ ಅಷ್ಟು ಸುಲಭವಾಗಲಿಲ್ಲ. ಬೇಟ್‌ಕಾಸ್ಟರ್ ಎಂಬ ಈ ಮಾದರಿಯಲ್ಲಿ ಎಸೆತದ ವೇಳೆ ದಾರ ಸುತ್ತಿದ ಉರುಳೆಯೇ ತಿರುಗುತ್ತದೆ; ಎರೆ ನೀರಿಗೆ ಬಿದ್ದ ಮೇಲೂ ಹೆಬ್ಬೆರಳಿನಿಂದ ತಡೆಯದಿದ್ದರೆ ಅದು ತಿರುಗುತ್ತಲೇ ಇದ್ದು ಒಳಗಿನ ದಾರವೆಲ್ಲ ಗೋಜಲಾಗಿ ಮೇಲೆದ್ದು ಬರುತ್ತದೆ. ಆಯಸ್ಕಾಂತದ ತಡೆ, ಕೇಂದ್ರಾಪಗಾಮಿ ತಡೆ ಎಲ್ಲವೂ ಬಂದಿದ್ದರೂ ಹೆಬ್ಬೆರಳಿಗೆ ಬದಲಿ ಬಂದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೆಂಟಕಿಯ ಪ್ಯಾರಿಸ್ ಎಂಬ ಊರಿನ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ತಯಾರಕ, ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಉರುಳೆ ಹಲವು ಸುತ್ತು ತಿರುಗುವಂತೆ ಹಲ್ಲುಚಕ್ರಗಳನ್ನು ಜೋಡಿಸಿ ಕೊಟ್ಟ ರೀಲು ಈ ಮಾದರಿಯ ಪೂರ್ವಜ. ನಮ್ಮ ಕೈಯಲ್ಲಿದ್ದುದರಲ್ಲಿ ಒಂದಕ್ಕೆ ಏಳು ಸುತ್ತು. ಭಾವ ದಡದ ಬಂಡೆಯ ಮೇಲೆ ಕುಳಿತು, ಹಳೆಯ ಲೆಡ್ಜರಿನಲ್ಲಿ ತಪ್ಪು ಹುಡುಕುವವರಂತೆ, ಗೋಜಲಿನ ಒಂದೊಂದೇ ಕುಣಿಕೆಯನ್ನು ಬೇಸರವಿಲ್ಲದೆ ಬಿಡಿಸಿದರು.

ಮಧ್ಯಾಹ್ನದ ಮೇಲೆ ನನ್ನ ಕೋಲಿಗೆ ಒಂದು ಸ್ಪಾಟೆಡ್ ಬ್ಯಾಸ್ ಬಿತ್ತು. ಇಲ್ಲಿಯವರು ಇದನ್ನು ಕೆಂಟಕಿ ಎನ್ನುತ್ತಾರೆ. ಲಾರ್ಜ್‌ಮೌತ್ ಬ್ಯಾಸ್‌ನ ಮೇಲ್ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ, ಇದರದು ಅಷ್ಟು ದೂರ ಹೋಗುವುದಿಲ್ಲ. ಸಂದೇಹವಿದ್ದರೆ ಬಾಯೊಳಗೆ ಬೆರಳಿಡಬೇಕು. ಭಾವ ಅಂಜುತ್ತಲೇ ಬೆರಳಿಟ್ಟು ನೋಡಿದರು. ನಾಲಿಗೆಯ ಮಧ್ಯದಲ್ಲಿ ಮರಳುಕಾಗದದಂಥ ಒಂದು ಸಣ್ಣ ಒರಟು ತೇಪೆ ಸಿಕ್ಕಿತು. ಅದು ಹಲ್ಲು. ಮೀನನ್ನು ನೀರಿಗೆ ಬಿಟ್ಟಾಗ ಅವರು ಏನೂ ಹೇಳಲಿಲ್ಲ. ಊಟಕ್ಕೆ ಕುಳಿತಾಗ ಮಾತ್ರ, "ಬಿಡುವುದಕ್ಕೆ ಇಷ್ಟೆಲ್ಲ ಖರ್ಚು ಮಾಡಿ ಬರಬೇಕಿತ್ತೇನೋ?" ಎಂದು ಕೇಳಿದರು.

ಶನಿವಾರ

ಯುರೇಕಾ ಸ್ಪ್ರಿಂಗ್ಸ್ ಮಾರ್ಗವಾಗಿ ರಾತ್ರಿಯೇ ಮಿಸೌರಿಗೆ ಬಂದು ಕಿಂಬರ್ಲಿಂಗ್ ಸಿಟಿಯಲ್ಲಿ ತಂಗಿದ್ದೆವು. ಟೇಬಲ್ ರಾಕ್ ಸುಮಾರು 43,000 ಎಕರೆಯ ಜಲಾಶಯ, ಕೈಬೆರಳುಗಳಂತೆ ಕಣಿವೆ ಕಣಿವೆಗೂ ಚಾಚಿಕೊಂಡದ್ದು. ನೀರು ತುಂಬುವಾಗ ಕಣಿವೆಗಳಲ್ಲಿದ್ದ ಮರಗಳನ್ನು ಹಲವೆಡೆ ಹಾಗೆಯೇ ಬಿಟ್ಟಿದ್ದರಿಂದ ಇಂದಿಗೂ ನೀರಿನೊಳಗೆ ಆ ಕಾಡು ನಿಂತಿದೆ. ಇಂಥ ನೀರನ್ನು ತಿಳಿದವರ ಜೊತೆಯೇ ಹೋಗಬೇಕೆಂದು ಒಬ್ಬ ಸ್ಥಳೀಯ ಗೈಡ್‌ನನ್ನು ಗೊತ್ತುಮಾಡಿದ್ದೆ. ಅವರು ಅರವತ್ತು ದಾಟಿದವರು, ಮಾತು ಕಡಿಮೆ, ಟೋಪಿಯ ಅಂಚಿನಲ್ಲಿ ತುಕ್ಕು ಹಿಡಿದ ಒಂದು ಗಾಳ.

ಅವರ ದೋಣಿ ಇಪ್ಪತ್ತು ಅಡಿಗಿಂತ ತುಸು ಉದ್ದದ ಫೈಬರ್ ಗ್ಲಾಸಿನದು. ಹಿಂದೆ 250 ಅಶ್ವಶಕ್ತಿಯ ಎಂಜಿನ್, ಮುಂದೆ ಸದ್ದಿಲ್ಲದ ವಿದ್ಯುತ್ ಮೋಟರ್. ಈ ಮೋಟರಿಗೆ ಉಪಗ್ರಹದ ಸಂಪರ್ಕವಿದ್ದು, ಗುಂಡಿಯೊಂದನ್ನು ಒತ್ತಿದರೆ ಗಾಳಿ ಬೀಸಿದರೂ ದೋಣಿ ಅದೇ ಜಾಗದಲ್ಲಿ ನಿಲ್ಲುತ್ತದೆ, ಲಂಗರು ಬೇಕಿಲ್ಲ. ಪರದೆಯ ಮೇಲೆ ಮುಂದಿನ ನೀರಿನ ಜೀವಂತ ಚಿತ್ರ ಬರುತ್ತದೆ: ನಿಂತ ಮರ, ಅದರ ಕೊಂಬೆ, ಕೊಂಬೆಯ ನೆರಳಿನಲ್ಲಿ ತೂಗುತ್ತಿರುವ ಮೀನು, ಅದರ ಕಡೆಗೆ ಇಳಿಯುತ್ತಿರುವ ನಮ್ಮದೇ ಎರೆ. ಶಬ್ದತರಂಗಗಳಿಂದ ಚಿತ್ರ ಮೂಡಿಸುವ ಈ ಮುನ್ನೋಟದ ಸೋನಾರ್ ಸ್ಪರ್ಧೆಗಳಲ್ಲಿ ಇರಬೇಕೋ ಬೇಡವೋ ಎಂದು ಇಲ್ಲಿಯ ಗಾಳಗಾರರು ವರ್ಷಗಳಿಂದ ಕಚ್ಚಾಡುತ್ತಿದ್ದಾರೆ. ಭಾವನಿಗೆ ಅದು ಬಹಳ ಹಿಡಿಸಿತು. ನನಗೆ ಅದನ್ನು ನೋಡುತ್ತ ಕೂತರೆ ಬೆರಳು ಮಲಗಿಬಿಡುತ್ತದೆ ಎನಿಸಿತು. ಗೈಡ್‌ಗೂ ಹಾಗೆಯೇ ಇದ್ದಿರಬೇಕು, ಸ್ವಲ್ಪ ಹೊತ್ತಿನಲ್ಲಿ ಪರದೆಯನ್ನು ಆರಿಸಿ, "ದಡಕ್ಕೆ ಹೋಗೋಣ, ಅಲ್ಲಿ ಇದರ ಕೆಲಸವಿಲ್ಲ" ಎಂದರು.

ಒಡೆದ ಕಲ್ಲುಗಳು ಇಳಿಜಾರಾಗಿ ನೀರಿಗಿಳಿಯುವ ದಡದಲ್ಲಿ ಅವರು ಹೊರತೆಗೆದದ್ದು ಬಣ್ಣ ಮಾಸಿದ ಒಂದು ಪ್ಲಾಸ್ಟಿಕ್ ಎರೆ. ಹೆಬ್ಬೆರಳಿನಷ್ಟು ಉದ್ದ, ಉಬ್ಬಿದ ಹೊಟ್ಟೆ, ಕಂದು ಮತ್ತು ಕಿತ್ತಳೆ ಬಣ್ಣ, ಮುಂದೆ ನಾಲಿಗೆಯಂತೆ ಚಾಚಿದ ಪಾರದರ್ಶಕ ತುಟಿ, ಅಲುಗಿಸಿದರೆ ಒಳಗೆ ಗುಂಡುಗಳ ಸದ್ದು. ಇದು ಸ್ಟಾರ್ಮ್ ಕಂಪನಿಯ ವಿಗಲ್ ವಾರ್ಟ್. ಒಕ್ಲಹೋಮಾದ ನಾರ್ಮನ್ ಊರಿನಲ್ಲಿ ತಯಾರಾಗುತ್ತಿದ್ದ ಈ ಲೂರ್, ಎಂದರೆ ಕೃತಕ ಎರೆ, ಕಂಪನಿಯನ್ನು 1999ರಲ್ಲಿ ಫಿನ್ಲೆಂಡಿನ ರಪಾಲಾ ಕೊಂಡ ಮೇಲೂ ಮಾರುಕಟ್ಟೆಯಲ್ಲಿದೆ. ಆದರೆ ಹಳೆಯದರ ಓಲಾಟ ಹೊಸದಕ್ಕಿಲ್ಲ ಎಂದು ಓಝಾರ್ಕಿನವರ ದೃಢ ನಂಬಿಕೆ. ಹಳೆಯವಕ್ಕೆ ಹೊಸದರ ಹಲವು ಪಟ್ಟು ಬೆಲೆ ಕೊಡುತ್ತಾರೆ. ವಸಂತದಲ್ಲಿ ಕಲ್ಲುಗಳ ಸಂದಿಯಿಂದ ಹೊರಬರುವ ಸಿಹಿನೀರಿನ ಕ್ರೇಫಿಶ್ ಇಲ್ಲಿಯ ಬ್ಯಾಸ್‌ಗೆ ಪ್ರಿಯವಾದ ಆಹಾರ, ಈ ಬಣ್ಣ ಅದರದು.

ಎಸೆದು ಸುತ್ತತೊಡಗಿದರೆ ತುಟಿ ನೀರನ್ನು ತಳ್ಳಿ ಎರೆಯನ್ನು ಕೆಳಕ್ಕಿಳಿಸುತ್ತದೆ, ಅದೇ ಒತ್ತಡದಿಂದ ಅದು ಎಡಬಲಕ್ಕೆ ಹೊಯ್ದಾಡುತ್ತದೆ. ಆ ಹೊಯ್ದಾಟ ಕೋಲಿನಲ್ಲಿ ಒಂದೇ ಸಮನೆ ನಡುಗುವ ನಾಡಿಯಾಗಿ ಗೊತ್ತಾಗುತ್ತದೆ. ಕಲ್ಲಿಗೆ ತಾಗಿದಾಗ ನಾಡಿ ಒಂದು ಕ್ಷಣ ತಪ್ಪಿ, ಎರೆ ಪಕ್ಕಕ್ಕೆ ಹಾರಿ, ಮತ್ತೆ ಹಿಡಿಯುತ್ತದೆ. ಮೀನು ಹೊಡೆಯುವುದು ಹೆಚ್ಚಾಗಿ ಆ ತಪ್ಪಿದ ಕ್ಷಣದಲ್ಲೇ. "ನಡುಕ ನಿಂತರೆ ಎಳೆಯಿರಿ, ಯಾಕೆ ನಿಂತಿತು ಎಂದು ಯೋಚಿಸಬೇಡಿ" ಎಂದು ಗೈಡ್ ಭಾವನಿಗೆ ಹೇಳಿಕೊಟ್ಟರು. ಅವರಿಗೆ ಇಂಗ್ಲಿಷಿನ ಆ ಓಝಾರ್ಕ್ ಉಚ್ಚಾರ ಅರ್ಥವಾಯಿತೋ ಇಲ್ಲವೋ, ನಡುಕ ನಿಂತದ್ದು ಮಾತ್ರ ಅರ್ಥವಾಯಿತು. ಕೋಲು ಬಾಗಿತು. ನಲವತ್ತು ಸೆಂಟಿಮೀಟರಿನ ಲಾರ್ಜ್‌ಮೌತ್ ನೀರಿನಿಂದ ಮೇಲೆ ನೆಗೆದು ತಲೆಯೊದರಿದಾಗ ಭಾವ ಕೂಗಿದ ಕೂಗು ಶುದ್ಧ ಹಾಸನದ್ದು.

ಗೈಡ್ ಅದರ ಕೆಳದವಡೆಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದೆತ್ತಿ, ಇನ್ನೊಂದು ಕೈಯನ್ನು ಹೊಟ್ಟೆಗೆ ಆಸರೆ ಕೊಟ್ಟು, ಅಳತೆಯ ಹಲಗೆಯ ಮೇಲಿಟ್ಟರು. ಈ ಜಲಾಶಯದಲ್ಲಿ 15 ಅಂಗುಲಕ್ಕಿಂತ, ಎಂದರೆ 38 ಸೆಂಟಿಮೀಟರಿಗಿಂತ ಚಿಕ್ಕ ಬ್ಯಾಸನ್ನು ಇಟ್ಟುಕೊಳ್ಳುವಂತಿಲ್ಲ, ಇದನ್ನು ಇಟ್ಟುಕೊಳ್ಳಬಹುದಿತ್ತು. ಬಾಲದ ಕೆಳ ಅಂಚು ಸವೆದು ಕೆಂಪಾಗಿದ್ದುದನ್ನು ಅವರು ತೋರಿಸಿದರು. ದಡದ ಜಲ್ಲಿಯನ್ನು ಬಾಲದಿಂದ ಗುಡಿಸಿ ಗೂಡು ಮಾಡುವುದು ಗಂಡು, ಮೊಟ್ಟೆಗಳಿಗೆ ನೀರು ಬೀಸುತ್ತ ಕಾವಲಿರುವುದೂ ಗಂಡೇ. ಅದನ್ನು ಎತ್ತಿದರೆ ಸುತ್ತಲಿನ ಸಣ್ಣ ಮೀನುಗಳು ಬಂದು ಗೂಡನ್ನು ಬರಿದು ಮಾಡುತ್ತವೆ. ಇದು ನನಗೆ ಹೊಸದಲ್ಲ. ನಮ್ಮ ಕೆರೆಗಳ ಕೊರವ ಮೀನೂ ಹೀಗೆಯೇ ಮರಿಗಳ ಕೆಂಪು ಹಿಂಡಿನ ಕೆಳಗೆ ಕಾವಲು ಸುತ್ತುತ್ತದೆ, ಆ ಹಿಂಡಿನ ನಡುವೆ ಕಪ್ಪೆಮರಿ ಚುಚ್ಚಿದ ಗಾಳ ಎಸೆದರೆ ಸಿಟ್ಟಿನಿಂದ ನುಂಗುತ್ತದೆ ಎಂಬುದು ಊರಿನ ಪ್ರತಿ ಹುಡುಗನಿಗೂ ಗೊತ್ತು. ನಾವು ಅದನ್ನು ಬಿಡುತ್ತಿರಲಿಲ್ಲ. ಬಿಡಬೇಕೆಂದು ಹೇಳುವವರೂ ಇರಲಿಲ್ಲ. ಭೀಮೇಶ್ವರಿ, ಗಾಲಿಬೋರೆಗಳ ಕಾವೇರಿಯಲ್ಲಿ ಮಹಶೀರ್ ಹಿಡಿದು ತೂಗಿ ಬಿಡುವ ಶಿಬಿರಗಳು ನಡೆದದ್ದನ್ನು ನಾನು ತಿಳಿದದ್ದು ಬಹಳ ತಡವಾಗಿ. ಭಾವ ತಾವಾಗಿಯೇ ಮೀನನ್ನು ಎರಡು ಕೈಗಳಲ್ಲಿ ತೆಗೆದುಕೊಂಡು ನೀರಿಗಿಳಿಸಿದರು.

ಬಿಸಿಲೇರಿದ ಮೇಲೆ ದಡ ಖಾಲಿಯಾಯಿತು. ಇಲ್ಲಿಯ ನೀರು ಬಹಳ ತಿಳಿ, ಮೀನು ದಾರವನ್ನೇ ನೋಡಿ ದೂರ ಸರಿಯುತ್ತದೆ. ಗೈಡ್ ಕೋಲು ಬದಲಿಸಿ ಸಣ್ಣ ಸ್ಪಿನ್ನಿಂಗ್ ರೀಲು ಕೊಟ್ಟರು. ಅದರಲ್ಲಿದ್ದ ಫ್ಲೋರೋಕಾರ್ಬನ್ ದಾರ ಬೆಳಕನ್ನು ಬಾಗಿಸುವ ರೀತಿಯಲ್ಲಿ ನೈಲಾನಿಗಿಂತ ನೀರಿಗೆ ಹತ್ತಿರವಾದದ್ದು; ನೈಲಾನಿಗಿಂತ ಬೇಗ ಮುಳುಗುತ್ತದೆ. ಹೆಣೆದ ಪಾಲಿಎಥಿಲೀನ್ ದಾರ ಹಿಗ್ಗುವುದೇ ಇಲ್ಲವೆನ್ನಬಹುದು, ಆದರೆ ಅದು ತೇಲುತ್ತದೆ, ತಿಳಿನೀರಿನಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ರೀಲಿನ ತುಂಬ ಹೆಣೆದದ್ದು, ತುದಿಯ ಆರೇಳು ಅಡಿ ಮಾತ್ರ ಫ್ಲೋರೋಕಾರ್ಬನ್ ಎಂಬ ಹೊಂದಾಣಿಕೆ ಈಗ ಸಾಮಾನ್ಯ. ತುದಿಯಲ್ಲಿ ನೆಡ್ ರಿಗ್ ಎಂಬ ಜೋಡಣೆ: ಅಣಬೆಯಾಕಾರದ ಪುಟ್ಟ ಲೋಹದ ತಲೆ, ಅದಕ್ಕೆ ಕಿರುಬೆರಳಿಗಿಂತ ಚಿಕ್ಕ ಮೆತ್ತನೆಯ ಪ್ಲಾಸ್ಟಿಕ್ ತುಂಡು. ಅಂಗಡಿಯ ಗೋಡೆಯಲ್ಲಿ ಅದಕ್ಕಿಂತ ಸಪ್ಪೆಯಾದ ವಸ್ತು ಇರಲಾರದು. ತಳಕ್ಕೆ ಮುಟ್ಟಿದಾಗ ಅದು ಬೀಳದೆ ನೆಟ್ಟಗೆ ನಿಲ್ಲುತ್ತದೆ, ಏನೂ ಮಾಡದೆ ಬಿಟ್ಟರೂ ನೀರಿನ ಚಲನೆಗೆ ತೂಗುತ್ತದೆ. ಹೊಡೆತ ಬಂದದ್ದು ಹೊಡೆತದಂತೆ ಇರಲೇ ಇಲ್ಲ. ದಾರ ಸ್ವಲ್ಪ ಭಾರವಾಯಿತು, ಅಷ್ಟೇ. ಬೆರಳು ಅದನ್ನು ಗುರುತಿಸಿತು. ಬಂದದ್ದು ಕಂಚಿನ ಬಣ್ಣದ ಸ್ಮಾಲ್‌ಮೌತ್. ದೋಣಿಯ ಕೆಳಗೆ ಆಳಕ್ಕೆ ಆಳಕ್ಕೆ ಎಳೆದ ಅದರ ಶಕ್ತಿಗೆ ದಾರಕ್ಕೆ ತಡೆ ಕೊಡುವ ರೀಲಿನ ಡ್ರ್ಯಾಗ್ ಕಿರುಗುಟ್ಟಿತು.

ಭಾನುವಾರ

ಮಳೆ. ಟೇಬಲ್ ರಾಕ್ ಅಣೆಕಟ್ಟಿನ ಕೆಳಗೆ, ಟೇನಿಕೋಮೋದ ಮೇಲ್ತುದಿಯಲ್ಲಿ ಸ್ವಲ್ಪ ಹೊತ್ತು ನಿಂತೆವು. ಜಲಾಶಯದ ಆಳದಿಂದ ಹೊರಬರುವ ನೀರು ವರ್ಷವಿಡೀ ತಣ್ಣಗಿರುವುದರಿಂದ ಅಣೆಕಟ್ಟು ಕಟ್ಟಿದ ಮೇಲೆ ಟೇನಿಕೋಮೋ ಬೆಚ್ಚನೆಯ ನೀರಿನ ಮೀನುಗಳಿಗೆ ಒಗ್ಗದಾಯಿತು. ಈಗ ಅದು ಟ್ರೌಟ್‌ಗಳ ಊರು, ಪಕ್ಕದಲ್ಲೇ ಮರಿಗಳನ್ನು ಸಾಕುವ ಸರ್ಕಾರಿ ಕೇಂದ್ರವಿದೆ. ವಿದ್ಯುದಾಗಾರ ನೀರು ಬಿಡುವಾಗ ಸೈರನ್ ಕೂಗುತ್ತದೆ, ನೀರೊಳಗೆ ನಿಂತವರು ಹೊರಬರಬೇಕು. ನಮ್ಮ ಸಲಕರಣೆ ಇಲ್ಲಿಗೆ ಒಪ್ಪುವಂಥದ್ದಲ್ಲವಾದ್ದರಿಂದ ನೋಡಿಕೊಂಡು ಬಂದೆವು.

ಸೋಮವಾರ

ಸ್ಪ್ರಿಂಗ್‌ಫೀಲ್ಡ್. 1972ರಲ್ಲಿ ಜಾನಿ ಮಾರಿಸ್ ಎಂಬ ಯುವಕ ತಂದೆಯ ಮದ್ಯದಂಗಡಿಯ ಹಿಂಭಾಗದ ಸ್ವಲ್ಪ ಜಾಗದಲ್ಲಿ ಗಾಳದ ಸಾಮಾನು ಮಾರತೊಡಗಿದ್ದು ಈ ಊರಿನಲ್ಲಿ. ಟೇಬಲ್ ರಾಕ್‌ಗೆ ಹೋಗುವವರು ದಾರಿಯಲ್ಲಿ ನಿಂತು ಕೊಳ್ಳುತ್ತಿದ್ದರು. ಅದೇ ಇಂದಿನ ಬ್ಯಾಸ್ ಪ್ರೋ ಶಾಪ್ಸ್. 1978ರಲ್ಲಿ ದೋಣಿ, ಮೋಟರ್, ಎಳೆದೊಯ್ಯುವ ಗಾಡಿ ಮೂರನ್ನೂ ಒಂದೇ ಬೆಲೆಗೆ ಕೊಡುವ ಬ್ಯಾಸ್ ಟ್ರ್ಯಾಕರ್ ತಂದದ್ದು ಅವನ ಜಾಣತನ. ಮೂಲ ಅಂಗಡಿಗೆ ಅಂಟಿಕೊಂಡೇ 2017ರಲ್ಲಿ ವನ್ಯಜೀವಿ ಸಂಗ್ರಹಾಲಯವೂ ಹೊಸ ರೂಪದಲ್ಲಿ ಮತ್ತೆ ತೆರೆದಿದೆ.

ಹಳೆಯ ಸಲಕರಣೆಗಳ ಕಥೆಗಳಲ್ಲಿ ನನ್ನನ್ನು ಹಿಡಿದಿಡುವುದು ಅವುಗಳನ್ನು ಮಾಡಿದವರ ಕಸುಬುಗಳು. ಮಿಶಿಗನ್ನಿನ ಡೊವಾಜಿಯಾಕ್ ಊರಿನ ಜೇಮ್ಸ್ ಹೆಡನ್ ಜೇನು ಸಾಕುತ್ತಿದ್ದವನು. ಕೂತಲ್ಲೇ ಕೆತ್ತಿದ ಮರದ ತುಂಡನ್ನು ಕೊಳಕ್ಕೆಸೆದಾಗ ಬ್ಯಾಸ್ ಅದಕ್ಕೆ ಎರಗಿದ್ದನ್ನು ಕಂಡು ಅವನು ಮರದ ಎರೆಗಳನ್ನು ಮಾಡತೊಡಗಿದನೆಂದು ಪ್ರತೀತಿ. ಓಹಾಯೋದ ಅಕ್ರನ್ ಊರಿನ ನಿಕ್ ಕ್ರೀಮ್ 1949ರಲ್ಲಿ ಹೆಂಡತಿಯೊಂದಿಗೆ ಅಡುಗೆಮನೆಯ ಒಲೆಯ ಮೇಲೆ ವಿನೈಲ್ ಕಾಯಿಸಿ ಅಚ್ಚಿಗೆ ಹೊಯ್ದು ಮೆತ್ತನೆಯ ಪ್ಲಾಸ್ಟಿಕ್ ಹುಳು ಮಾಡಿದ. ಗಾಳದ ಮೊನೆಯನ್ನು ಆ ಹುಳುವಿನ ಮೈಯೊಳಗೇ ಅಡಗಿಸುವ ಟೆಕ್ಸಾಸ್ ರಿಗ್ ಬಂದ ಮೇಲೆ ಮುಳುಗಿದ ಮರಗಳ ನಡುವೆಯೂ ಸಿಕ್ಕಿಕೊಳ್ಳದೆ ಎರೆ ಎಳೆಯಬಹುದಾಯಿತು. ಸುಮಾರು ಅದೇ ಕಾಲದಲ್ಲಿ, ತೈಲಬಾವಿಗಳಿಗೆ ಬೇಕಾದ ಟೈಂ ಬಾಂಬ್ ತಯಾರಿಸುತ್ತಿದ್ದ ಟಲ್ಸಾದ ಜೀರೋ ಅವರ್ ಬಾಂಬ್ ಕಂಪನಿಗೆ ಆರ್. ಡಿ. ಹಲ್ ಎಂಬ ಟೆಕ್ಸಾಸಿನ ಗಡಿಯಾರ ರಿಪೇರಿಗಾರ ಒಂದು ಹೊಸ ರೀಲಿನ ಮಾದರಿ ತಂದ. ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವವನು, ತಿರುಗದೆ ನಿಂತ ಉಂಡೆಯ ತುದಿಯಿಂದ ಹುರಿಯನ್ನು ಸರಾಗವಾಗಿ ಎಳೆಯುತ್ತಿದ್ದುದನ್ನು ನೋಡಿ ಅವನಿಗೆ ಹೊಳೆದದ್ದು: ಉರುಳೆ ತಿರುಗದಿದ್ದರೆ ಗೋಜಲೂ ಇಲ್ಲ. ಕಂಪನಿ ಬಾಂಬ್ ಬಿಟ್ಟು ಜೆಬ್ಕೋ ಎಂದಾಯಿತು. "ಶುಕ್ರವಾರವೇ ಇದನ್ನು ಕೊಡಬಾರದಿತ್ತೇ?" ಎಂದರು ಭಾವ.

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಜಾರ್ಜ್ ಪೆರ್ರಿಯ ಕಥೆ. ಜಾರ್ಜಿಯಾದ ಮಾಂಟ್‌ಗೊಮರಿ ಲೇಕ್‌ನಲ್ಲಿ 1932ರ ಜೂನ್ 2ರಂದು ಈ ಬಡ ರೈತ ಹಿಡಿದ ಲಾರ್ಜ್‌ಮೌತ್ 22 ಪೌಂಡ್ 4 ಔನ್ಸ್ ತೂಗಿತು, ಎಂದರೆ ಹತ್ತು ಕಿಲೋ ಚಿಲ್ಲರೆ. ಜಪಾನಿನ ಬಿವಾ ಸರೋವರದಲ್ಲಿ 2009ರ ಜುಲೈ 2ರಂದು ಮನಾಬು ಕುರಿತಾ ಹಿಡಿದ ಮೀನು ಅದರ ಸಮಕ್ಕೆ ಬಂತು. ಹಳೆಯ ದಾಖಲೆ ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮದಿಂದಾಗಿ ದಾಖಲೆಯಲ್ಲಿ ಇಬ್ಬರ ಹೆಸರೂ ಇದೆ. ಪೆರ್ರಿ ಮತ್ತು ಗೆಳೆಯನ ಬಳಿ ಅಂದು ಇಬ್ಬರಿಗೂ ಸೇರಿ ಒಂದೇ ಲೂರ್ ಇತ್ತಂತೆ. ಪತ್ರಿಕೆಯೊಂದರ ಸ್ಪರ್ಧೆಯಲ್ಲಿ ಆ ಮೀನಿಗೆ ಬಂದ ಬಹುಮಾನ 75 ಡಾಲರಿನ ಸಾಮಾನು. ಮೀನನ್ನು ಮನೆಯವರೆಲ್ಲ ಸೇರಿ ಊಟ ಮಾಡಿದರು. "ಅವನು ನೋಡಪ್ಪಾ ಲೆಕ್ಕ ತಿಳಿದವನು" ಎಂದು ಭಾವ ತೀರ್ಪು ಕೊಟ್ಟರು.

ಅಂಗಡಿಯಲ್ಲಿ ಎರೆಗಳ ಗೋಡೆಗಳೇ ಬೀದಿ ಬೀದಿಯಾಗಿ ನಿಂತಿದ್ದವು. ನಾನು ಕೊಂಡದ್ದು ಎಂಟು ಪೌಂಡಿನ ಎಳೆತ ತಡೆಯುವ ಫ್ಲೋರೋಕಾರ್ಬನ್ ದಾರದ ಒಂದು ಸುರುಳಿ, ಸೀಸಕ್ಕೆ ಬದಲಾಗಿ ಟಂಗ್‌ಸ್ಟನ್‌ನ ಕೆಲವು ತೂಕಗಳು, ನೆಡ್ ರಿಗ್‌ನ ಒಂದು ಪೊಟ್ಟಣ. ಟಂಗ್‌ಸ್ಟನ್ ದುಬಾರಿ, ಆದರೆ ಸೀಸಕ್ಕಿಂತ ಗಟ್ಟಿ ಮತ್ತು ಸಾಂದ್ರ. ಅಷ್ಟೇ ತೂಕ ಚಿಕ್ಕ ಗಾತ್ರದಲ್ಲಿ ಸಿಗುತ್ತದೆ, ಕಲ್ಲಿಗೆ ತಾಗಿದ್ದು ಬೆರಳಿಗೆ ಸ್ಪಷ್ಟವಾಗಿ ಬರುತ್ತದೆ. ಹೊಸಬರು ಕೇಳಿದರೆ ನಾನು ಹೇಳುವುದೂ ಇದನ್ನೇ: ಹಣವನ್ನು ಕೋಲಿಗೂ ದಾರಕ್ಕೂ ಹಾಕಿ, ರೀಲು ಮಧ್ಯಮ ದರ್ಜೆಯದು ಸಾಕು, ಎರೆಗಳು ನಾಲ್ಕೈದು ಬಗೆಗಿಂತ ಹೆಚ್ಚು ಬೇಡ.

ಹಿಂದಿರುಗುವ ದಾರಿಯಲ್ಲಿ ಭಾವ ಟೆಕ್ಸಾಸಿನ ಲೇಕ್ ಫೋರ್ಕ್ ಬಗ್ಗೆ ವಿಚಾರಿಸಿದರು. ರಾಜ್ಯದ ದಾಖಲೆಯಾದ 18.18 ಪೌಂಡಿನ ಬ್ಯಾಸ್ 1992ರ ಜನವರಿಯಲ್ಲಿ ಸಿಕ್ಕಿದ್ದು ಅಲ್ಲಿ. ನಮ್ಮ ಮನೆಯಿಂದ ಎರಡು ಗಂಟೆಯ ದಾರಿಯೂ ಇಲ್ಲ. ಅಲ್ಲಿಯೂ ನೀರೊಳಗೆ ಮರಗಳಿವೆ, ಮೀನು ಭಾರಿ, ಎಂಟು ಪೌಂಡಿನ ದಾರ ನಡೆಯುವುದಿಲ್ಲ, ಐವತ್ತು ಪೌಂಡಿನ ಹೆಣೆದ ದಾರ ಬೇಕು ಎಂದೆ. ಅದರ ಬೆಲೆ ಕೇಳಿ ಅವರು ಗಜಕ್ಕೆಷ್ಟು ಎಂದು ಲೆಕ್ಕ ಹಾಕಿದರು. ಮನೆಯಲ್ಲಿ ಹಳೆಯದೊಂದಿದೆ, ಎಸೆದು ಸವೆಯುವುದು ಹೊರಗಿನ ಅರ್ಧ ಮಾತ್ರ, ಬಿಚ್ಚಿ ತಿರುಗಾಮುರುಗಾ ಸುತ್ತಿದರೆ ಒಳಗಿದ್ದ ಹೊಸ ಅರ್ಧ ಮೇಲೆ ಬರುತ್ತದೆ, ಖರ್ಚಿಲ್ಲ ಎಂದು ವಿವರಿಸಿದೆ. ಭಾವ ಸ್ವಲ್ಪ ಹೊತ್ತು ಯೋಚಿಸಿ, "ನಾಳೆ ಆಫೀಸಿಂದ ಬಂದ ಮೇಲೆ ಸುತ್ತಿಡೋಣ, ಒಂದು ಕಡೆ ನಾನು ಹಿಡಿದುಕೊಳ್ಳುತ್ತೇನೆ" ಎಂದರು.